ಅಜ್ಜಿಯ ತಂಬೂರಿ ಜರ್ಮನಿಗೆ ಹೋದದ್ದು

"ಶಬ್ದ ಬರ್ತಿದೆ ಕಣೋ, ಜೀವ ಇಲ್ಲ."

ಮೂರು ತಿಂಗಳು ನಿದ್ದೆಗೆಟ್ಟು ನಾನು ಕಂಪ್ಯೂಟರಿನಲ್ಲಿ ಮಾಡಿದ ತಂಬೂರಿಯನ್ನು ಕೇಳಿ ಅಜ್ಜಿ ಕೊಟ್ಟ ತೀರ್ಪು ಇಷ್ಟೇ. ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ನಲವತ್ತು ವರ್ಷ ಮಕ್ಕಳಿಗೆ ಸರಳೆ ವರಸೆ ಹೇಳಿಕೊಟ್ಟವರು ಅವರು. ಬೆರಳ ಗಂಟುಗಳು ಊದಿಕೊಂಡು ಬಿರಡೆ ತಿರುಗಿಸಲಾಗದೆ ಹೋದ ಮೇಲೆ ತಂಬೂರಿಗೆ ಗವಸು ಹಾಕಿ ಮೂಲೆಯಲ್ಲಿ ನಿಲ್ಲಿಸಿದ್ದರು. ಹಾಡುವುದನ್ನೂ ನಿಲ್ಲಿಸಿದ್ದರು. ಅಂಗಡಿಯಿಂದ ಶ್ರುತಿಪೆಟ್ಟಿಗೆ ತಂದುಕೊಟ್ಟರೆ, "ಜೀರುಂಡೆ ಹಾಗೆ ಕಿವಿ ಕೊರೆಯುತ್ತೆ" ಎಂದು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟರು. ಅದಕ್ಕೇ ನಾನೇ ಒಂದು ಮಾಡಲು ಕುಳಿತದ್ದು.

ಮಕ್ಕಳೇ, ತಂಬೂರಿ ನೋಡಿದ್ದರೆ ನೆನಪಿಸಿಕೊಳ್ಳಿ. ಅದರ ತಂತಿಗಳು ಕುದುರೆ ಎಂಬ ಅಗಲವಾದ ಪಟ್ಟಿಯ ಮೇಲೆ ಹಾದುಹೋಗುತ್ತವೆ. ಪ್ರತಿ ತಂತಿಗೂ ಕುದುರೆಗೂ ನಡುವೆ ಒಂದು ಎಳೆ ದಾರವಿರುತ್ತದೆ; ಅದೇ ಜೀವಾಳಿ. ಆ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ನಾದ ತಟ್ಟನೆ ಅರಳಿಕೊಳ್ಳುತ್ತದೆ. ಒಂದೇ ತಂತಿಯೊಳಗಿಂದ ಎಷ್ಟೋ ಸ್ವರಗಳು ಎದ್ದು ಬಂದ ಹಾಗೆ ಕೇಳಿಸುತ್ತದೆ. ನನ್ನ ಪ್ರೋಗ್ರಾಮಿನಲ್ಲಿ ಪಂಚಮ, ಸಾರಣೆ, ಅನುಸಾರಣೆ, ಮಂದ್ರ ಎಲ್ಲ ಇದ್ದವು. ದಾರ ಮಾತ್ರ ಇರಲಿಲ್ಲ. ಅದನ್ನು ಹೇಗೆ ಹಾಕುವುದೆಂದೇ ತಿಳಿದಿರಲಿಲ್ಲ.

ಹೀಗಾಗಿ, ಕೂಡಿಟ್ಟ ರಜೆಯನ್ನೂ ಹಣವನ್ನೂ ಖರ್ಚು ಮಾಡಿ 2014ರ ಮೇ ತಿಂಗಳಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಎಂಬ ಊರಿಗೆ ಹೋದೆ. ಅಲ್ಲಿ 'ಲಿನಕ್ಸ್ ಆಡಿಯೊ ಕಾನ್ಫರೆನ್ಸ್' ನಡೆಯುವುದಿತ್ತು. ಸಂಗೀತಕ್ಕಾಗಿ ಮುಕ್ತ ತಂತ್ರಾಂಶ ಬರೆಯುವವರು ಸೇರುವ ಸಮ್ಮೇಳನ ಅದು.

ಮುಕ್ತ ತಂತ್ರಾಂಶ ಎಂದರೇನು ಎಂದು ಅಜ್ಜಿಯೂ ಕೇಳಿದ್ದರು. ನಿನ್ನ ರಂಗೋಲಿ ಪುಸ್ತಕ ಇದ್ದ ಹಾಗೆ ಅಂದೆ. ಆ ಪುಸ್ತಕ ನಮ್ಮ ಬೀದಿಯ ಎಲ್ಲ ಮನೆಗೂ ಹೋಗಿಬಂದಿದೆ. ಎಷ್ಟು ಚುಕ್ಕಿ, ಎಷ್ಟು ಸಾಲು, ಎಲ್ಲಿಂದ ಎಲ್ಲಿಗೆ ಗೆರೆ ಎಂಬುದೆಲ್ಲ ಅದರಲ್ಲಿ ಬಿಚ್ಚಿಟ್ಟಿದೆ. ಬೇಕಾದವರು ಬರೆದುಕೊಂಡರು, ಯಾರೋ ಒಂದು ಎಸಳು ಸೇರಿಸಿದರು, ಆ ಎಸಳೂ ಪುಸ್ತಕದೊಳಕ್ಕೆ ಬಂತು. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ದನಿ ಮುದ್ರಿಸಲು ಬಳಸುವ ಆಡಾಸಿಟಿ ಕೂಡ ಇಂಥದ್ದೇ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಇಬ್ಬರು ಶುರುಮಾಡಿದ್ದು 2000ದಲ್ಲಿ ಎಲ್ಲರ ಕೈಗೆ ಬಂತು. ಆಮೇಲೆ ಎಷ್ಟು ಕೈಗಳು ಅದನ್ನು ತಿದ್ದಿದವೋ!

ಇಷ್ಟೆಲ್ಲ ವಿವರಿಸಿದ ನಾನು ನನ್ನ ಪ್ರೋಗ್ರಾಮನ್ನು ಮಾತ್ರ ಯಾರಿಗೂ ಬಿಚ್ಚಿ ತೋರಿಸಿರಲಿಲ್ಲ. ನಾಚಿಕೆ ಅರ್ಧ, ಮುಂದೆ ಮಾರಿದರೆ ನಾಲ್ಕು ಕಾಸು ಬಂದೀತೆಂಬ ಆಸೆ ಅರ್ಧ.

ನಾನು ರೈಲಿಳಿದದ್ದು ಮೇ ಒಂದರಂದು. ಕಾರ್ಮಿಕರ ದಿನ, ಊರಿಗೆ ಊರೇ ಬಾಗಿಲು ಹಾಕಿತ್ತು. ಅಂದು ಅಜ್ಜಿ ಕಟ್ಟಿಕೊಟ್ಟಿದ್ದ ಗೊಜ್ಜವಲಕ್ಕಿಯೇ ಗತಿಯಾಯಿತು. ಸಮ್ಮೇಳನದ ಕಟ್ಟಡವೋ, ನಮ್ಮ ಒಂದು ಬೀದಿಯಷ್ಟು ಉದ್ದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ತಯಾರಿಸಲೆಂದು ಕಟ್ಟಿದ ಕಾರ್ಖಾನೆ. ಎರಡನೆಯ ಯುದ್ಧದಲ್ಲಿ ಸೆರೆಹಿಡಿದು ತಂದವರಿಂದ ಅಲ್ಲಿ ಬಲವಂತವಾಗಿ ದುಡಿಸಿಕೊಂಡರಂತೆ. ಈಗ ಅದು ಕಲೆ ಮತ್ತು ಮಾಧ್ಯಮ ಕೇಂದ್ರ. ಎದುರಿಗೆ ನೀಲಿ ಗಾಜಿನ ಚೌಕ ಪೆಟ್ಟಿಗೆಯಂಥ ಸಭಾಂಗಣ. ಅದರೊಳಗೆ 40ಕ್ಕೂ ಹೆಚ್ಚು ಸ್ಪೀಕರುಗಳನ್ನು ಗುಮ್ಮಟದ ಆಕಾರದಲ್ಲಿ ತಲೆಯ ಮೇಲೆ ತೂಗುಹಾಕಿದ್ದಾರೆ. ಅಲ್ಲಿ ಕುಳಿತು ಕೇಳಿದಾಗ ಒಂದು ದನಿ ನನ್ನ ಬೆನ್ನ ಹಿಂದಿನಿಂದ ಎದ್ದು, ನೆತ್ತಿಯ ಮೇಲೆ ಹಾರಿ, ಮುಂದೆ ಹೋಗಿ ಕುಳಿತುಕೊಂಡಿತು. ಹಕ್ಕಿ ಬಂತೆಂದು ನಾನು ನಿಜವಾಗಿ ತಲೆಯೆತ್ತಿ ನೋಡಿದೆ.

ಭಾಷಣಗಳಲ್ಲಿ ಅರ್ಧದಷ್ಟು ಅರ್ಥವಾಗಲಿಲ್ಲ, ಬಿಡಿ. ನನ್ನ ಕೆಲಸವಾದದ್ದು ಊಟದ ಬಿಡುವಿನಲ್ಲಿ. ಪಕ್ಕದಲ್ಲಿ ಕುಳಿತಿದ್ದ ಬಿಳಿ ಗಡ್ಡದವರೊಬ್ಬರಿಗೆ ನನ್ನ ತಂಬೂರಿ ಕೇಳಿಸಿದೆ. ಅಜ್ಜಿಯ ದೂರನ್ನೂ ಹೇಳಿದೆ. ಅವರು ಕಾಗದ ಮುಂದೆ ತಳ್ಳಿ, "ಕುದುರೆಯನ್ನು ಬರೆದು ತೋರಿಸಿ" ಎಂದರು. ಬರೆದೆ. ಅದರ ಮೇಲ್ಮೈ ಸಪಾಟಲ್ಲ, ಸ್ವಲ್ಪ ಬಾಗಿದೆ ಎಂದೂ ಹೇಳಿದೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಹಾಗಾದರೆ ನಿಮ್ಮ ತಂತಿ ಒಂದೇ ಬಿಂದುವಿನಲ್ಲಿ ಮುಗಿಯುವುದಿಲ್ಲ. ಅಲುಗಿದಾಗಲೆಲ್ಲ ಈ ಬಾಗಿನ ಮೇಲೆ ಮತ್ತೆ ಮತ್ತೆ ತಾಗುತ್ತೆ. ನಿಮ್ಮ ಪ್ರೋಗ್ರಾಮ್ ಏನು ಮಾಡುತ್ತಿದೆ? ಒಳಗೆ ತೋರಿಸಿ."

ನನಗೆ ಲ್ಯಾಪ್‌ಟಾಪ್ ಮುಚ್ಚಿಬಿಡಬೇಕೆನಿಸಿತು. ಗುರುತು ಪರಿಚಯವಿಲ್ಲದ ಮನುಷ್ಯ. ಮೂರು ತಿಂಗಳ ಶ್ರಮ. ಆದರೆ ಗವಸು ಹಾಕಿ ನಿಲ್ಲಿಸಿದ ಆ ತಂಬೂರಿ ಕಣ್ಣ ಮುಂದೆ ಬಂತು. ತೆರೆದು ತೋರಿಸಿದೆ.

ಅವರು ಮೊದಲು ಕಂಡುಹಿಡಿದದ್ದು ನಾನು ಮಾಡಿದ್ದ ಒಂದು ಕೂಡುವ ತಪ್ಪನ್ನು! ಕಿವಿ ಬಿಸಿಯಾಯಿತು. ಅಂದು ಸಂಜೆಯವರೆಗೂ, ಮರುದಿನ ಬೆಳಗಿನಿಂದಲೂ ಇಬ್ಬರೂ ಕುಳಿತು ತಂತಿ ಕುದುರೆಗೆ ತಾಗುವ ಲೆಕ್ಕವನ್ನು ಹೊಸದಾಗಿ ಬರೆದೆವು. ಸಾಲುಗಳೇನೂ ಬಹಳವಿರಲಿಲ್ಲ. ಹೆಡ್‌ಫೋನಿನಲ್ಲಿ ನಾದ ಮೊದಲ ಸಲ ಅರಳಿದಾಗ ಇಬ್ಬರೂ ಸುಮ್ಮನಾದೆವು. "ದಾರ ಸರಿಯಾಗಿ ಎಲ್ಲಿ ನಿಲ್ಲಬೇಕು?" ಎಂದು ಅವರು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಜ್ಜಿಗೇ ಗೊತ್ತು ಎಂದೆ. ಅದಕ್ಕಾಗಿ ಪರದೆಯ ಮೇಲೆ ಸರಿಸುವ ಗುಂಡಿಯೊಂದನ್ನು ಇಟ್ಟು 'ದಾರ' ಎಂದು ಕನ್ನಡದಲ್ಲೇ ಬರೆದೆ. ಅಂದೇ ಪ್ರೋಗ್ರಾಮನ್ನು ಎಲ್ಲರಿಗೂ ಬಿಟ್ಟುಕೊಟ್ಟೆ.

ಊರಿಗೆ ಬಂದು ಲ್ಯಾಪ್‌ಟಾಪನ್ನು ಅಜ್ಜಿಯ ಮುಂದಿಟ್ಟೆ. ಊದಿದ ಒಂದೇ ಬೆರಳಿನಿಂದ ಅವರು ಗುಂಡಿಯನ್ನು ಮೆಲ್ಲಗೆ ಸರಿಸಿದರು. ಇದಕ್ಕೆ ಬಿರಡೆಯಂತೆ ಬಲ ಬೇಡ. ಹಿಂದೆ, ಮುಂದೆ, ಮತ್ತೆ ಹಿಂದೆ. ಒಂದು ಕಡೆ ನಿಲ್ಲಿಸಿ ಕಣ್ಣು ಮುಚ್ಚಿಕೊಂಡರು. ಹೊಗಳುತ್ತಾರೇನೋ ಎಂದು ಕಾದೆ.

"ನಡುವಿನ ಎರಡು ತಂತಿ ಅಚ್ಚು ಹಾಕಿದ ಹಾಗೆ ಒಂದೇ ಥರ ಇದೆಯಲ್ಲೋ. ಅವು ಅವಳಿ ಅಲ್ಲ, ಅಕ್ಕ ತಂಗಿ. ಒಂಚೂರು ಬೇರೆ ಇರಬೇಕು. ಬರೆದು ಹಾಕು ಅವರಿಗೆ."

ರಾತ್ರಿ ಊಟವಾದ ಮೇಲೆ ಆ ಗಡ್ಡದವರಿಗೆ ಬರೆಯಲು ಕುಳಿತೆ. ಅಕ್ಕ ತಂಗಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಒಳಗಿನ ಕೋಣೆಯಿಂದ, ಕಟ್ಟಿದ ಗಂಟಲಿನಲ್ಲಿ, ಸರಳೆ ವರಸೆ ಮೊದಲಿನಿಂದ ಶುರುವಾಯಿತು.