ಔಷಧಿ ಎಂಬ ಮಾತು

ನಮ್ಮ ಮಾದಿಹಳ್ಳಿಯ ಕಡೆ ಬೆಳೆಗೆ ಹೊಡೆಯುವ ಎಲ್ಲಕ್ಕೂ ಒಂದೇ ಹೆಸರು: ಔಷಧಿ. ಹುಳು ಕೊಲ್ಲುವುದೂ ಔಷಧಿ, ರೋಗ ತಡೆಯುವುದೂ ಔಷಧಿ, ಕಳೆ ಸುಡುವುದೂ ಔಷಧಿ. ಅವ್ವ ಜ್ವರ ಬಂದಾಗ ಕುಡಿಯುವುದೂ ಔಷಧಿಯೇ. ಹೆಸರು ಒಂದಾದರೆ ನಷ್ಟವೇನು ಎಂದು ಕೇಳುವವರಿಗೆ ನಮ್ಮ ಹೊಲದ ಕಥೆಯನ್ನು ಹೇಳಬೇಕು. ಅದರಲ್ಲಿ ನನ್ನ ತಪ್ಪೂ ಸೇರಿರುವುದರಿಂದ ಹೇಳುವುದು ಸುಲಭವಲ್ಲ.

ಹೋದ ವರ್ಷದ ಮುಂಗಾರಿನಲ್ಲಿ ಒಂದು ಎಕರೆ ಆಲೂಗೆಡ್ಡೆ ಹಾಕಿದ್ದೆವು. ಗಿಡ ಚೆನ್ನಾಗಿ ಹಬ್ಬಿದ್ದಾಗ ಜಿನುಗು ಮಳೆ ಹಿಡಿದು ಬಿಡಲೇ ಇಲ್ಲ. ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆನೆದಂಥ ಕಪ್ಪು ಮಚ್ಚೆಗಳು ಕಾಣಿಸಿದವು. ಅಪ್ಪ ಪೇಟೆಯ ಅಂಗಡಿಯಿಂದ ಒಂದು ಬಾಟಲಿ ತಂದರು. ಅವರಿಗೆ ಓದು ಬಾರದು. ಪರೀಕ್ಷೆಗೆ ಓದುತ್ತಿದ್ದ ನನ್ನ ಮುಂದೆ ಅದನ್ನು ಹಿಡಿದು, "ಇದ್ರಾಗೇನ್ ಬರ್ದೈತೆ, ಒಸಿ ಓದ್ಲಾ ಮಗ" ಎಂದರು. ನಾನು ತಲೆಯನ್ನೂ ಎತ್ತದೆ, "ಅಂಗಡಿಯೋರು ಹೇಳವ್ರಲ್ಲ, ಹಂಗೇ ಹೊಡಿಯಪ್ಪ" ಎಂದೆ.

ಅಪ್ಪ ಬೆನ್ನಿಗೆ ಪಂಪು ಏರಿಸಿಕೊಂಡು, ಮೂಗಿಗೆ ಒಂದು ಬಟ್ಟೆಯನ್ನೂ ಕಟ್ಟದೆ, ಸಂಜೆಯವರೆಗೆ ಹೊಡೆದರು. ರಾತ್ರಿ ತಲೆ ಸುತ್ತಿ ವಾಂತಿಯಾಯಿತು. ಆಸ್ಪತ್ರೆಗೆ ಕರೆದೊಯ್ದೆವು. ಎರಡು ದಿನದಲ್ಲಿ ಅಪ್ಪ ಚೇತರಿಸಿಕೊಂಡರು, ಆಲೂಗೆಡ್ಡೆ ಚೇತರಿಸಿಕೊಳ್ಳಲಿಲ್ಲ. ವಾರದೊಳಗೆ ಹೊಲವೆಲ್ಲ ಕೊಳೆತು ನಾರಿತು.

ಡಾಕ್ಟರು ಬಾಟಲಿ ಕೇಳಿದಾಗ ಅದನ್ನು ಓದಿದೆ. ಅದು ಕೀಟನಾಶಕ. ನಮ್ಮ ಹೊಲಕ್ಕೆ ಬಂದದ್ದಾದರೋ ಹುಳುವಲ್ಲ, ಅಂಗಮಾರಿ ರೋಗ. 1845ರಿಂದ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮವನ್ನು ತಂದದ್ದು ಇದೇ ರೋಗ. ಆ ಕ್ಷಾಮವನ್ನು ಕುರಿತು ನಾನು ಓದಿದ್ದೆ. ಅದೇ ರೋಗ ನಮ್ಮ ಬದುವಿನಲ್ಲಿ ನಿಂತಿದೆಯೆಂದು ಮಾತ್ರ ಹೊಳೆದಿರಲಿಲ್ಲ.

ಬಾಟಲಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದಂಥ ಒಂದು ಚೌಕವಿತ್ತು. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಕೆಳಭಾಗದ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ: ಕೆಂಪು ಅತ್ಯಂತ ಘೋರ, ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ. ನಮ್ಮದು ಹಳದಿ. ಓದು ಬಾರದವರಿಗೂ ತಿಳಿಯಬಹುದಾದ ಗುರುತು ಅದು. ಅಪ್ಪನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದ ಒಬ್ಬನು ಪರೀಕ್ಷೆಗೆ ಓದುತ್ತಿದ್ದನು.

ಮೊದಲು ತಿಳಿಯುವುದು, ಆಮೇಲೆ ಹೊಡೆಯುವುದು ಎಂಬ ಕ್ರಮ ನಮ್ಮ ನಾಡಿಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಅದರ ಕಾರಣವನ್ನು ಗುರುತಿಸಿದರು. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಅಡಕೆ ಗೊನೆಗೆ ಸಿಂಪಡಿಸುವುದನ್ನು ಬಳಕೆಗೆ ತಂದರು. ಮಲೆನಾಡಿನ ತೋಟಗಳಲ್ಲಿ ಅದು ಇಂದಿಗೂ ನಡೆದಿದೆ. ಕೊಳೆರೋಗವೂ ಅಂಗಮಾರಿಯೂ ಒಂದೇ ಕುಲದ ಸೂಕ್ಷ್ಮಜೀವಿಗಳಿಂದ ಬರುವಂಥವು. ಎರಡಕ್ಕೂ ರೋಗ ಹರಡುವ ಮುನ್ನವೇ ಸಿಂಪಡಿಸಬೇಕು. ಹೊಲ ಕಪ್ಪಾದ ಮೇಲೆ ಹೊಡೆದದ್ದು ಬಹುಮಟ್ಟಿಗೆ ವ್ಯರ್ಥ.

ಈ ವರ್ಷ ಬಿತ್ತನೆಗೆ ಮೊದಲೇ ಅಪ್ಪನೂ ನಾನೂ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಿದೆವು. ಮೋಡ ಕವಿಯುವ ಹೊತ್ತಿಗೆ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕವನ್ನು ತಂದೆವು. ಪೊಟ್ಟಣದಲ್ಲಿದ್ದ ಚೀಟಿಯನ್ನು ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದಿದೆ. ಅಪ್ಪ ತುಂಬುತೋಳಿನ ಅಂಗಿ ತೊಟ್ಟು, ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡರು. ರೋಗ ಸ್ವಲ್ಪ ಬಂದರೂ ಬೆಳೆ ಉಳಿಯಿತು.

ನಮ್ಮ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರು ಬಹಳ ಮಂದಿಯಿದ್ದಾರೆ. ಗೆಳೆಯರೇ, ಈ ಭಾನುವಾರ ಊರಿಗೆ ಹೋದಾಗ ಅಟ್ಟದ ಮೇಲಿರುವ ಬಾಟಲಿಗಳನ್ನು ಇಳಿಸಿ ಒಮ್ಮೆ ಓದಿ ಹೇಳಿರಿ. ನಮ್ಮಪ್ಪ ಈಗ ಅಂಗಡಿಯಲ್ಲಿ "ಔಷಧಿ ಕೊಡಿ" ಎನ್ನುವುದಿಲ್ಲ; "ಇದು ಹುಳಕ್ಕೋ, ರೋಗಕ್ಕೋ?" ಎಂದು ಕೇಳುತ್ತಾರೆ.