ಪೋಪೆಸ್ಕು: ಪಾದ್ರಿಯ ಮಗನ ಹೆಸರು

ಲಂಡನ್ನಿನ ವಾಯವ್ಯ ದಿಕ್ಕಿನಲ್ಲಿ ಹ್ಯಾರೋ, ಬ್ರೆಂಟ್ ಎಂಬ ಎರಡು ಪ್ರದೇಶಗಳಿವೆ. ಗುಜರಾತಿ ಕುಟುಂಬಗಳು ಬಹಳ ವರ್ಷಗಳಿಂದ ನೆಲೆ ನಿಂತ ಜಾಗ. ಅಲ್ಲಿಯ ಯಾವುದಾದರೊಂದು ಶಾಲೆಯ ಹಾಜರಿ ಪಟ್ಟಿಯನ್ನು ಕಲ್ಪಿಸಿಕೊಳ್ಳಿ. ಇಂಗ್ಲಿಷಿನ 'ಪಿ' ಅಕ್ಷರ ಬಂತೆಂದರೆ ಮೊದಲು ಪಟೇಲರು ಸಾಲಾಗಿ ಬರುತ್ತಾರೆ. ಅವರ ಹಾಜರಿ ಸಲೀಸಾಗಿ ಮುಗಿಯುತ್ತದೆ. ಅಲ್ಲಿಯ ಶಿಕ್ಷಕರ ನಾಲಿಗೆ ಆ ಹೆಸರಿಗೆ ಎಂದೋ ಪಳಗಿದೆ. ಆಮೇಲೆ ಬರುವುದು ಪೋಪೆಸ್ಕು. ಶಿಕ್ಷಕಿ ಒಂದು ಕ್ಷಣ ತಡೆದು 'ಪೊಪೆಸ್ಕ್ಯೂ' ಎನ್ನುತ್ತಾರೆ. ಹುಡುಗ ಮೊದಲ ವಾರ 'ಸ್ಕ್ಯೂ ಅಲ್ಲ ಮಿಸ್, ಸ್ಕು' ಎಂದು ತಿದ್ದುತ್ತಾನೆ. ಎರಡನೆಯ ವಾರ ಸುಮ್ಮನೆ ಕೈ ಎತ್ತುತ್ತಾನೆ. ಮೂರನೆಯ ವಾರದ ಹೊತ್ತಿಗೆ ಯಾರಾದರೂ ಹೆಸರು ಕೇಳಿದರೆ ತಾನೇ 'ಪೊಪೆಸ್ಕ್ಯೂ' ಎಂದು ಹೇಳತೊಡಗಿರುತ್ತಾನೆ. ಅದನ್ನು ಮನೆಯಲ್ಲಿ ಅಪ್ಪ ಮೊದಲ ಸಲ ಕೇಳಿಸಿಕೊಂಡ ದಿನ ಊಟದ ಮೇಜಿನ ಮೇಲೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

'ಎಸ್ಕು' ಎಂಬ ಬಾಲ ನಮಗೆ ತೀರ ಅಪರಿಚಿತವೇನಲ್ಲ. ಇಂದಿನ ವಿದ್ಯಾರ್ಥಿಗಳ ತಂದೆ ತಾಯಂದಿರು 1989ರ ಡಿಸೆಂಬರ್ ತಿಂಗಳ ಪತ್ರಿಕೆಗಳನ್ನು ನೆನಪಿಸಿಕೊಂಡರೆ ಸಾಕು. ರೊಮೇನಿಯಾದ ಸರ್ವಾಧಿಕಾರಿ ಚೌಸೆಸ್ಕು ಜನರ ದಂಗೆಗೆ ಸಿಕ್ಕಿ ಓಡಿಹೋಗಿ, ಸೆರೆಯಾಗಿ, ಕ್ರಿಸ್‌ಮಸ್ ದಿನ ಗುಂಡಿಗೆ ಬಲಿಯಾದ ಸುದ್ದಿ ಮುಖಪುಟದಲ್ಲಿತ್ತು. ಅದೇ ಬಾಲ ಪೋಪೆಸ್ಕುವಿಗೂ ಇದೆ. ಆದರೆ ಇದು ಸರ್ವಾಧಿಕಾರಿಯ ಹೆಸರಲ್ಲ, ಬಡ ಹಳ್ಳಿಯ ಹೆಸರು. 'ಪೋಪ' ಎಂದರೆ ಹಳ್ಳಿಯ ಚರ್ಚಿನ ಪಾದ್ರಿ. 'ಎಸ್ಕು' ಎಂದರೆ ಅವನಿಗೆ ಸೇರಿದವನು, ಅವನ ಕಡೆಯವನು. ಒಟ್ಟಿನಲ್ಲಿ ಪಾದ್ರಿಯ ಮಗ. ನಮ್ಮ ಉತ್ತರ ಕರ್ನಾಟಕದಲ್ಲಿ ಪೂಜಾರ, ಬಡಿಗೇರ, ಕುಂಬಾರ ಎಂಬ ಅಡ್ಡಹೆಸರುಗಳಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾದ್ರಿಗೆ ಮಗನೆಲ್ಲಿಂದ ಬಂದ ಎಂದು ಕೇಳಬಹುದು. ರೋಮನ್ ಕ್ಯಾಥೊಲಿಕ್ ಪಾದ್ರಿಗಳು ಮದುವೆಯಾಗುವುದಿಲ್ಲ, ನಿಜ. ಆದರೆ ರೊಮೇನಿಯಾದ ಬಹುಪಾಲು ಜನ ಆರ್ಥೊಡಾಕ್ಸ್ ಪಂಥದವರು. ಅಲ್ಲಿ ದೀಕ್ಷೆಗೆ ಮೊದಲೇ ಮದುವೆಯಾದವನು ಹಳ್ಳಿಯ ಪಾದ್ರಿಯಾಗಬಹುದು. ಬಿಷಪ್ ಪದವಿಗೆ ಮಾತ್ರ ಸನ್ಯಾಸಿಗಳಿಂದ ಆರಿಸುತ್ತಾರೆ. ಹಾಗಾಗಿ ಚರ್ಚಿನ ಪಕ್ಕದ ಮನೆಯಲ್ಲಿ ಪಾದ್ರಿಗೆ ಹೆಂಡತಿ, ಮಕ್ಕಳು, ಹೊಲ ಎಲ್ಲವೂ ಇರುತ್ತಿತ್ತು. ಊರಿಗೊಂದು ಚರ್ಚು, ಚರ್ಚಿಗೊಬ್ಬ ಪಾದ್ರಿ, ಅವನಿಗೆ ನಾಲ್ಕೈದು ಮಕ್ಕಳು. ರೊಮೇನಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಅಡ್ಡಹೆಸರುಗಳಲ್ಲಿ ಪೋಪ, ಪೋಪೆಸ್ಕು ಎರಡೂ ಮುಂಚೂಣಿಯಲ್ಲಿರುವುದಕ್ಕೆ ಇಷ್ಟೇ ಕಾರಣ.

ಹೆಸರು ಹಳೆಯದು ಎಂದೆನಿಸುತ್ತದಲ್ಲವೇ? ಪದ ಹಳೆಯದೇ. ಗ್ರೀಕ್ ಭಾಷೆಯಲ್ಲಿ ಅಪ್ಪನನ್ನು ಕರೆಯುವ 'ಪಾಪಾಸ್' ಎಂಬ ಮಾತು ಸ್ಲಾವಿಕ್ ಭಾಷೆಗಳ ಮೂಲಕ ರೊಮೇನಿಯನ್ನಿಗೆ ಬಂದು 'ಪೋಪ' ಆಯಿತು. ಆದರೆ ಅದು ಕಾಗದದ ಮೇಲೆ ಅಡ್ಡಹೆಸರಾಗಿ ನೆಲೆಯಾದದ್ದು ತೀರ ಇತ್ತೀಚೆಗೆ. 19ನೆಯ ಶತಮಾನದವರೆಗೆ ಅಲ್ಲಿನ ರೈತನಿಗೆ ಹುಟ್ಟುಹೆಸರು, ಅದರ ಜೊತೆಗೆ ಅಪ್ಪನ ಹೆಸರು, ಬಹಳವೆಂದರೆ ಊರವರು ಇಟ್ಟ ಉಪನಾಮ, ಇಷ್ಟಿದ್ದರೆ ಸಾಕಾಗುತ್ತಿತ್ತು. 1859ರಲ್ಲಿ ವಲಾಕಿಯಾ ಮತ್ತು ಮೊಲ್ಡಾವಿಯಾ ಸಂಸ್ಥಾನಗಳು ಅಲೆಕ್ಸಾಂಡ್ರು ಕೂಜಾನ ಕೈಕೆಳಗೆ ಒಂದಾದವು. ಹೊಸ ಸರ್ಕಾರಕ್ಕೆ ತೆರಿಗೆ ಬೇಕು, ಸೈನ್ಯ ಬೇಕು, ಶಾಲೆ ಬೇಕು. ಇವೆಲ್ಲಕ್ಕೂ ಪಟ್ಟಿ ಬೇಕು. ಹಳ್ಳಿಯಲ್ಲಿ ಯೋನ್ ಎಂಬ ಹೆಸರಿನವರೇ ಹತ್ತು ಜನ ಇದ್ದರೆ ಪಟ್ಟಿ ಬರೆಯುವುದು ಹೇಗೆ? ಗುಮಾಸ್ತ ಪ್ರಶ್ನೆ ಕೇಳಿದ: 'ನೀನು ಯಾರ ಮಗ?' 'ಪಾದ್ರಿಯ ಮಗ.' ಗುಮಾಸ್ತ ಬರೆದುಕೊಂಡ: ಪೋಪೆಸ್ಕು.

ಗುಮಾಸ್ತರಷ್ಟೇ ಅಲ್ಲ, ಶಾಲೆಯ ಮೇಷ್ಟ್ರುಗಳೂ ಈ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. ಹೊಸದಾಗಿ ಸೇರಲು ಬಂದ ಹುಡುಗನ ಅಪ್ಪನ ಹೆಸರಿಗೋ ಕಸುಬಿಗೋ ಒಂದು 'ಎಸ್ಕು' ಹಚ್ಚಿ ದಾಖಲೆ ಮಾಡಿಬಿಡುತ್ತಿದ್ದರು. ಹಾಗೆ ಬರೆದರೆ ಹೆಸರಿಗೆ ಗೌರವ ಬರುತ್ತದೆ, ಪಟ್ಟಣದ ಕಳೆ ಬರುತ್ತದೆ ಎಂಬ ನಂಬಿಕೆ ಆಗ ಇತ್ತು. ಯೋನನ ಮಗ ಯೋನೆಸ್ಕು, ಕಾನ್‌ಸ್ಟಾಂಟಿನ್‌ನ ಮಗ ಕಾನ್‌ಸ್ಟಾಂಟಿನೆಸ್ಕು. ಹುಡುಗ ಬೆಳಿಗ್ಗೆ ಒಂದು ಹೆಸರಿನಲ್ಲಿ ಶಾಲೆಗೆ ಹೋಗಿ ಸಂಜೆ ಇನ್ನೊಂದು ಹೆಸರಿನಲ್ಲಿ ಮನೆಗೆ ಬರುತ್ತಿದ್ದ ಎನ್ನಿ. ಹಾಜರಿ ಪುಸ್ತಕವನ್ನು ಹಿಡಿದವರಿಗೆ ಎಂಥ ಅಧಿಕಾರವಿದೆ ಎಂಬುದು ಪಾಠ ಮಾಡುವ ನಮ್ಮವರಿಗೂ ಎಷ್ಟೋ ಸಲ ಹೊಳೆದಿರುವುದಿಲ್ಲ. 1895ರಲ್ಲಿ ಕಾನೂನೇ ಬಂದು ಅಡ್ಡಹೆಸರುಗಳನ್ನು ಸ್ಥಿರಗೊಳಿಸಿತು. ಅಲ್ಲಿಗೆ ಮೇಷ್ಟ್ರು ಬರೆದದ್ದೇ ಮೊಮ್ಮಕ್ಕಳಿಗೂ ಹೆಸರಾಗಿ ಉಳಿಯಿತು. ಇನ್ನೊಂದು ಸ್ವಾರಸ್ಯವೆಂದರೆ, 1860ರ ಆಸುಪಾಸಿನವರೆಗೆ ರೊಮೇನಿಯನ್ ಭಾಷೆಯನ್ನು ಬರೆಯುತ್ತಿದ್ದುದು ರಷ್ಯನ್ನರಂತೆ ಸಿರಿಲಿಕ್ ಲಿಪಿಯಲ್ಲಿ. ಹೆಸರು ಹುಟ್ಟುವ ಹೊತ್ತಿಗೇ ಲಿಪಿಯೂ ಬದಲಾಯಿತು. ಮುತ್ತಾತ ಒಂದು ಲಿಪಿಯಲ್ಲಿ ಸಹಿ ಹಾಕಿದರೆ ಅವನ ಮಗ ಇನ್ನೊಂದರಲ್ಲಿ.

ಈ ಬಾಲ ಎಲ್ಲ ಸೀಮೆಗಳಿಗೂ ಒಂದೇ ಬಗೆಯಲ್ಲಿ ತಗುಲಲಿಲ್ಲ. ದಕ್ಷಿಣದ ವಲಾಕಿಯಾದಲ್ಲಿ ಪೋಪೆಸ್ಕುಗಳು ಹೆಚ್ಚು. ಪೂರ್ವದ ಮೊಲ್ಡಾವಿಯಾ ಕಡೆ ಬರಿಯ ಪೋಪ ಹೆಚ್ಚು. 1918ರವರೆಗೆ ಹಂಗೇರಿಯ ಪ್ರಭಾವದಲ್ಲಿದ್ದ ಟ್ರಾನ್ಸಿಲ್ವೇನಿಯಾದಲ್ಲಿ 'ಪೋಪ್' ಎಂದಷ್ಟೇ. ಬುಕಾರೆಸ್ಟಿನವರು ಹೆಸರು ಕೇಳಿದ ಮಾತ್ರಕ್ಕೆ 'ನೀವು ಆ ಕಡೆಯವರಾ?' ಎಂದು ಅಂದಾಜು ಮಾಡಬಲ್ಲರು, ನಾವು ಅಡ್ಡಹೆಸರು ಕೇಳಿ ಧಾರವಾಡವೋ ದಕ್ಷಿಣ ಕನ್ನಡವೋ ಎಂದು ಊಹಿಸುವ ಹಾಗೆ.

ಇಲ್ಲೊಂದು ವಿಜ್ಞಾನದ ಮಾತು. ಒಂದೇ ಅಡ್ಡಹೆಸರಿನವರೆಲ್ಲ ಒಂದೇ ಬಳ್ಳಿಯವರೇ? ಈ ಪ್ರಶ್ನೆಯನ್ನು ಲೆಕ್ಕಕ್ಕೆ ಇಳಿಸಿದವರಲ್ಲಿ ಮೊದಲಿಗ ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್. 1875ರಲ್ಲಿ ಆತ ಇಂಗ್ಲೆಂಡಿನ ಮದುವೆಗಳಲ್ಲಿ ಗಂಡು ಹೆಣ್ಣು ಇಬ್ಬರಿಗೂ ಒಂದೇ ಅಡ್ಡಹೆಸರಿದ್ದ ಜೋಡಿಗಳನ್ನು ಎಣಿಸಿ, ಅದರಿಂದ ಹತ್ತಿರದ ರಕ್ತಸಂಬಂಧದ ಮದುವೆಗಳು ಎಷ್ಟಿರಬಹುದು ಎಂದು ಅಂದಾಜು ಹಾಕಿದ. ಆ ಕುತೂಹಲಕ್ಕೆ ಕಾರಣ ಮನೆಯಲ್ಲೇ ಇತ್ತು. ಅವನ ತಂದೆ ಚಾರ್ಲ್ಸ್ ಮದುವೆಯಾದ ಎಮ್ಮಾ ವೆಜ್‌ವುಡ್ ನಮ್ಮ ಲೆಕ್ಕದಲ್ಲಿ ಸೋದರಮಾವನ ಮಗಳು. ಆದರೆ ಗಮನಿಸಿ: ಅವರಿಬ್ಬರ ಅಡ್ಡಹೆಸರು ಬೇರೆ ಬೇರೆ. ಅಡ್ಡಹೆಸರು ಅಪ್ಪನ ದಾರಿಯಲ್ಲಷ್ಟೇ ಇಳಿಯುತ್ತದೆ, ತಾಯಿಯ ಕಡೆಯ ನಂಟನ್ನು ಅದು ಮರೆಮಾಚಿಬಿಡುತ್ತದೆ. ಜಾರ್ಜ್ ಇದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕಾಯಿತು.

ಈ ವಿಧಾನವನ್ನು ಪೋಪೆಸ್ಕುಗಳ ಮೇಲೆ ಪ್ರಯೋಗಿಸಿದರೆ ಪೂರ್ತಿ ಎಡವುತ್ತೇವೆ. ವಿರಳ ಹೆಸರಾದರೆ ಮೂಲಪುರುಷ ಒಬ್ಬನೇ ಇರುವ ಸಾಧ್ಯತೆ ಹೆಚ್ಚು. ಅಪ್ಪನಿಂದ ಮಗನಿಗೆ ಮಾತ್ರ ದಾಟುವ ವೈ ವರ್ಣತಂತುವನ್ನು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದಾಗಲೂ, ವಿರಳ ಅಡ್ಡಹೆಸರಿನ ಗಂಡಸರಲ್ಲಿ ಅದು ಬಹುಮಟ್ಟಿಗೆ ಹೊಂದಿತು. 'ಸ್ಮಿತ್' ಎಂಬ ಕಮ್ಮಾರರ ಹೆಸರಿನವರಲ್ಲಿ ಹೊಂದಲೇ ಇಲ್ಲ. ಏಕೆಂದರೆ ಕಮ್ಮಾರ ಊರೂರಲ್ಲೂ ಇದ್ದ. ಪಾದ್ರಿಯೂ ಅಷ್ಟೇ. ನಾರ್ಥಾಂಪ್ಟನ್ನಿನ ಗೋದಾಮಿನಲ್ಲಿ ಇಬ್ಬರು ಪೋಪೆಸ್ಕುಗಳು ಎದುರಾದರೆ ಅವರ ನಡುವೆ ಇರುವುದು ನೆತ್ತರಿನ ನಂಟಲ್ಲ, ಇಬ್ಬರ ಮುತ್ತಾತಂದಿರಿಗೂ ಎಲ್ಲೆಲ್ಲೋ ಒಬ್ಬೊಬ್ಬ ಗುಮಾಸ್ತ ಒಂದೇ ಪ್ರಶ್ನೆ ಕೇಳಿದ್ದ ಎಂಬುದಷ್ಟೇ.

ಇನ್ನು ಈ ಹೆಸರು ಬ್ರಿಟನ್ನಿಗೆ ಬಂದ ಬಗೆ. ಚೌಸೆಸ್ಕು ಕಾಲದಲ್ಲಿ ಸಾಮಾನ್ಯನ ಪಾಸ್‌ಪೋರ್ಟ್ ಸರ್ಕಾರದ ವಶದಲ್ಲಿರುತ್ತಿತ್ತು. ದೇಶ ಬಿಡುವುದು ಸುಲಭವಿರಲಿಲ್ಲ. ಬ್ರಿಟನ್ನಿನ ಜನಸಾಮಾನ್ಯರು ಪೋಪೆಸ್ಕು ಎಂಬ ಹೆಸರನ್ನು ಮನೆಮಾತಿನಂತೆ ಕೇಳಿದ್ದು 1994ರಲ್ಲಿ. ಆ ವರ್ಷದ ವಿಶ್ವಕಪ್ ಫುಟ್‌ಬಾಲಿನಲ್ಲಿ ರೊಮೇನಿಯಾ ಅರ್ಜೆಂಟೀನಾವನ್ನು ಮಣಿಸಿದ ಮೇಲೆ, ಗಿಯೋರ್ಗೆ ಪೋಪೆಸ್ಕು ಲಂಡನ್ನಿನ ಟಾಟನ್‌ಹ್ಯಾಮ್ ತಂಡಕ್ಕೆ ಆಡಲು ಬಂದ. 1995ರ ಜನವರಿಯಲ್ಲಿ ಬದ್ಧ ಎದುರಾಳಿ ಆರ್ಸೆನಲ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದ. ವೀಕ್ಷಕ ವಿವರಣೆಕಾರರಿಗೆ ಹೆಸರು ಕಲಿಯದೆ ವಿಧಿಯಿರಲಿಲ್ಲ. ಗೋಲು ಹೊಡೆದವನ ಹೆಸರನ್ನು ಎಲ್ಲರೂ ಕಲಿಯುತ್ತಾರೆ; ಇಟ್ಟಿಗೆ ಹೊರುವವನ ಹೆಸರಿಗೆ ಆ ಭಾಗ್ಯವಿಲ್ಲ.

ಇಟ್ಟಿಗೆ ಹೊರುವವರು ಬಂದದ್ದು ಆಮೇಲೆ. 2007ರ ಜನವರಿ 1ರಂದು ರೊಮೇನಿಯಾ ಯುರೋಪಿಯನ್ ಒಕ್ಕೂಟವನ್ನು ಸೇರಿತು. ಆದರೂ ಬ್ರಿಟನ್ ಏಳು ವರ್ಷ ಬಾಗಿಲನ್ನು ಅರ್ಧವಷ್ಟೇ ತೆರೆದಿತ್ತು. ಸ್ವಂತ ಉದ್ಯೋಗಿಗಳೆಂದು ನೋಂದಾಯಿಸಿಕೊಂಡರೆ ದುಡಿಯಬಹುದಿತ್ತು. ಹಾಗಾಗಿ ಗಾರೆ ಕೆಲಸ, ಬಡಗಿ ಕೆಲಸದವರು ಬಂದರು. ಹಣ್ಣು ತರಕಾರಿ ಕೊಯ್ಲಿನ ಹಂಗಾಮಿ ಕೆಲಸಕ್ಕೂ ಅವಕಾಶವಿತ್ತು. ನಿರ್ಬಂಧ ಪೂರ್ತಿ ತೊಲಗಿದ್ದು 2014ರ ಜನವರಿ 1ರಂದು. ಅಂದು ಬೆಳಿಗ್ಗೆ ಪ್ರವಾಹವೇ ಹರಿದು ಬರುತ್ತದೆಂದು ಪತ್ರಕರ್ತರ ಹಿಂಡು, ಇಬ್ಬರು ಸಂಸತ್ ಸದಸ್ಯರು ಲೂಟನ್ ವಿಮಾನ ನಿಲ್ದಾಣಕ್ಕೆ ಹೋಗಿ ಕಾದು ನಿಂತರು. ವಿಮಾನದಿಂದ ಇಳಿದವರಲ್ಲಿ ಬಹುಪಾಲು ಜನ ಮೊದಲೇ ಅಲ್ಲಿ ಕೆಲಸದಲ್ಲಿದ್ದು, ಹಬ್ಬಕ್ಕೆ ಊರಿಗೆ ಹೋಗಿ ಮರಳಿದವರು! ಪ್ರವಾಹ ಬರಲಿಲ್ಲ. ಆದರೆ ನೀರು ನಿಧಾನವಾಗಿ ಏರಿತು. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರೊಮೇನಿಯಾದಲ್ಲಿ ಹುಟ್ಟಿದವರು ಸುಮಾರು 80 ಸಾವಿರ. 2021ರಲ್ಲಿ 5 ಲಕ್ಷ 39 ಸಾವಿರ. ಹೊರದೇಶದಲ್ಲಿ ಹುಟ್ಟಿದವರ ಪಟ್ಟಿಯಲ್ಲಿ ಭಾರತ, ಪೋಲೆಂಡ್, ಪಾಕಿಸ್ತಾನಗಳ ನಂತರ ನಾಲ್ಕನೆಯ ಸ್ಥಾನ. ಮನೆಮಾತಿನ ಲೆಕ್ಕದಲ್ಲಂತೂ ಇಂಗ್ಲಿಷ್, ಪೋಲಿಷ್ ಬಿಟ್ಟರೆ ರೊಮೇನಿಯನ್ನೇ. ಬ್ರಿಟನ್ನಿನಲ್ಲೇ ಹುಟ್ಟಿದ ಮಕ್ಕಳು ಆ 5 ಲಕ್ಷದಲ್ಲಿ ಸೇರಿಲ್ಲ. ಹೆಸರು ಮಾತ್ರ ಅವರದೂ ಪೋಪೆಸ್ಕುವೇ.

ಈ ಹೆಸರು ಇಂದು ಎಲ್ಲೆಲ್ಲಿ ಹಬ್ಬಿದೆ ಎಂದು ತಿಳಿಯಲು ಆ ಜನ ನೆಲೆಸಿದ ಊರುಗಳನ್ನು ನೋಡಿದರಾಯಿತು. ಮೂರರಲ್ಲಿ ಒಂದು ಪಾಲು ಲಂಡನ್ನಿನಲ್ಲಿದೆ. ಹ್ಯಾರೋ, ಬ್ರೆಂಟ್ ಇದ್ದೇ ಇವೆ. ಪಕ್ಕದ ಬರ್ನ್ಟ್ ಓಕ್ ಬಡಾವಣೆಗೆ 'ಪುಟ್ಟ ರೊಮೇನಿಯಾ' ಎಂಬ ಹೆಸರೇ ಬಿದ್ದಿದೆ. ಉಳಿದವರು ಲೂಟನ್, ನಾರ್ಥಾಂಪ್ಟನ್, ಕವೆಂಟ್ರಿಗಳಲ್ಲಿ, ಪೂರ್ವದ ಲಿಂಕನ್‌ಶೈರ್ ಜಿಲ್ಲೆಯ ತರಕಾರಿ ಹೊಲಗಳ ನಡುವಿನ ಬಾಸ್ಟನ್ ಪಟ್ಟಣದಲ್ಲಿ. ಹಳೆಯ ಇಂಗ್ಲಿಷ್ ಅಡ್ಡಹೆಸರುಗಳ ನಕ್ಷೆ ಮಣ್ಣಿಗೆ ಅಂಟಿಕೊಂಡಿರುತ್ತದೆ: 'ಟ್ರೆ' ಎಂದು ಶುರುವಾಗುವ ಹೆಸರುಗಳು ಕಾರ್ನ್‌ವಾಲ್‌ನಲ್ಲಿ, ಜೋನ್ಸ್ ಮತ್ತು ಎವಾನ್ಸ್ ವೇಲ್ಸ್‌ನಲ್ಲಿ. ಪೋಪೆಸ್ಕುವಿನ ನಕ್ಷೆ ಹೆದ್ದಾರಿಯನ್ನು, ಗೋದಾಮನ್ನು, ಆಸ್ಪತ್ರೆಯನ್ನು, ಅಗ್ಗದ ಬಾಡಿಗೆಯನ್ನು ಹಿಂಬಾಲಿಸುತ್ತದೆ. ಊರಿನಲ್ಲಿ ಸೀಮೆ ಸೀಮೆಗೆ ಬೇರೆಯಾಗಿದ್ದ ಪೋಪ್, ಪೋಪ, ಪೋಪೆಸ್ಕು ಮೂವರೂ ಇಲ್ಲಿ ಒಂದೇ ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೆ. ಇಂಗ್ಲಿಷರ ಕಿವಿಗೆ ವ್ಯತ್ಯಾಸವೇ ಇಲ್ಲ.

ಉಚ್ಚಾರಣೆಯ ವಿಚಾರಕ್ಕೆ ಮರಳೋಣ. ಫ್ರಾನ್ಸಿಗೆ ಹೋದ ರೊಮೇನಿಯನ್ನರು ಬೇರೆ ಉಪಾಯ ಮಾಡಿದ್ದರು. ಫ್ರೆಂಚರ 'ಯು' ವಿಚಿತ್ರ ಧ್ವನಿ. ಹಾಗಾಗಿ ಅವರು ಕಾಗುಣಿತವನ್ನೇ ಬದಲಿಸಿ ಧ್ವನಿಯನ್ನು ಆದಷ್ಟು ಉಳಿಸಿಕೊಂಡರು. ನಾಟಕಕಾರ ಯೋನೆಸ್ಕು ಅಲ್ಲಿ ಯೋನೆಸ್ಕೊ ಆದ, ಪ್ಯಾರಿಸ್ ರಂಗಭೂಮಿಯ ನಟಿ ಎಲ್ವಿರಾ ಪೋಪೆಸ್ಕು ಎಲ್ವೀರ್ ಪೋಪೆಸ್ಕೊ ಆದಳು. ಬ್ರಿಟನ್ನಿನಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು: ಅಕ್ಷರ ಹಾಗೆಯೇ ಉಳಿದಿದೆ, ಧ್ವನಿ ಕೈಬಿಟ್ಟಿದೆ. ಪೋಪೆಸ್ಕುವಿನ ಪುಣ್ಯ, ಅದರ ಅಕ್ಷರಗಳಿಗೆ ಗುರುತುಗಳ ಗೋಜಿಲ್ಲ. 2021ರಲ್ಲಿ ಅಮೆರಿಕನ್ ಓಪನ್ ಟೆನಿಸ್ ಗೆದ್ದ ಬ್ರಿಟನ್ನಿನ ಹದಿನೆಂಟರ ಹುಡುಗಿ ಎಮ್ಮಾ ರಾದುಕಾನುವಿನ ತಂದೆ ರೊಮೇನಿಯಾದವರು. ಅವರ ಅಡ್ಡಹೆಸರಿನ ಮೊದಲ 'ಎ' ಮೇಲೆ ಊರಿನಲ್ಲಿ ಒಂದು ಪುಟ್ಟ ಅರ್ಧಚಂದ್ರವಿರುತ್ತದೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ಚಂದ್ರ ಕಾಣುವುದಿಲ್ಲ.

ಬರಿಯ ಉಚ್ಚಾರಣೆಯಷ್ಟೇ ಆಗಿದ್ದರೆ ಹೇಗೋ ಸಹಿಸಬಹುದು. 2019ರಲ್ಲಿ ಆಕ್ಸ್‌ಫರ್ಡ್‌ನ ನಫೀಲ್ಡ್ ಕಾಲೇಜಿನ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯೆ, ಅನುಭವ ಎಲ್ಲ ಒಂದೇ ಇರುವ ಕೃತಕ ಅರ್ಜಿಗಳನ್ನು ಹೆಸರು ಬದಲಿಸಿ ಬ್ರಿಟನ್ನಿನ ಕಂಪೆನಿಗಳಿಗೆ ಕಳಿಸಿ ನೋಡಿದ್ದರು. ಅಲ್ಪಸಂಖ್ಯಾತ ಮೂಲದವರು ಬಿಳಿಯ ಬ್ರಿಟಿಷರಷ್ಟೇ ಉತ್ತರ ಪಡೆಯಲು ಶೇಕಡಾ 60ರಷ್ಟು ಹೆಚ್ಚು ಅರ್ಜಿ ಹಾಕಬೇಕಾಗಿತ್ತು. ಹೈಸ್ಕೂಲು ದಾಟುತ್ತಿರುವ ಮಗನಿರುವ ಯಾವ ಅಪ್ಪನಿಗೂ ಇದು ಬರಿಯ ಅಂಕಿಯಲ್ಲ. ಇಂಗ್ಲೆಂಡಿನಲ್ಲಿ ಹೆಸರು ಬದಲಿಸುವುದು ಕಷ್ಟವೂ ಅಲ್ಲ. 'ಡೀಡ್ ಪೋಲ್' ಎಂಬ ಪತ್ರವೊಂದಕ್ಕೆ ಸಾಕ್ಷಿಗಳ ಮುಂದೆ ಸಹಿ ಹಾಕಿದರೆ ಮುಗಿಯಿತು. ಹಾಗೆ ಬದಲಿಸುವವರನ್ನು ಹಳಿಯುವುದು ದೂರ ಕುಳಿತವರಿಗೆ ಸುಲಭ. ಬಾಡಿಗೆ ಕಟ್ಟಬೇಕಾದವರು ಅವರು.

ಮತ್ತೆ ಆ ಊಟದ ಮೇಜು. ಮಗ ಕಾಗದದ ಮೇಲೆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಕೊನೆಯ ಮೂರು ಅಕ್ಷರಗಳ ಮೇಲೆ ಬೆರಳಿಡುತ್ತಾನೆ. ಉಳಿಯುವುದು 'ಪೋಪ್', ಅಪ್ಪಟ ಇಂಗ್ಲಿಷ್ ಅಡ್ಡಹೆಸರು. ಅಲೆಕ್ಸಾಂಡರ್ ಪೋಪ್ ಎಂಬ ದೊಡ್ಡ ಕವಿಯೇ ಆಗಿಹೋಗಿದ್ದಾನೆ. ಯಾವ ಶಿಕ್ಷಕಿಯೂ ತಡೆಯಬೇಕಾಗಿಲ್ಲ. ಅಪ್ಪ ಒಪ್ಪುವನೋ ಬಿಡುವನೋ, ಒಂದು ಸಂಗತಿ ಮಾತ್ರ ಅವನಿಗೆ ತಿಳಿದಿದ್ದರೆ ಚೆನ್ನಾಗಿತ್ತು. ಇಂಗ್ಲಿಷಿನ ಆ 'ಪೋಪ್' ಲ್ಯಾಟಿನ್ ದಾರಿ ಹಿಡಿದು ಬಂದದ್ದಾದರೂ ಹೊರಟದ್ದು ಅದೇ ಗ್ರೀಕ್ 'ಪಾಪಾಸ್'ನಿಂದ. ಮಗ ಕತ್ತರಿಸಿದರೂ ಅಪ್ಪ ಎಂಬ ಪದವೇ ಉಳಿಯುತ್ತದೆ. ಹಾಜರಿ ಪಟ್ಟಿಯಲ್ಲೂ ಅವನ ಜಾಗ ಆಗಲೂ ಪಟೇಲರ ನಂತರವೇ.