ಹಂಪಸಾಗರದ ಗೋಡೆಗಳು

ಹಗರಿಬೊಮ್ಮನಹಳ್ಳಿಯಿಂದ ತುಂಗಭದ್ರೆಯನ್ನು ಅರಸಿ ಹೊರಟ ಪ್ರವಾಸಿಗನಿಗೆ ಹಂಪಸಾಗರವು ಹಿನ್ನೀರಿನ ಅಂಚಿನಲ್ಲಿ ಎದುರಾಗುತ್ತದೆ. 1953ರಲ್ಲಿ ಅಣೆಕಟ್ಟು ನೀರು ಹಿಡಿದು ನಿಂತಂದಿನಿಂದ, ಮಳೆಗಾಲ ತುಂಬಿದಾಗ ಇಲ್ಲಿಯ ನದಿಗೆ ಕಡಲಿನ ಗಾಂಭೀರ್ಯ. ಆ ನೀರಿನ ಹರವಿನಿಂದ ಕಣ್ಣು ತಿರುಗಿಸಿ ಓಣಿಯತ್ತ ನೋಡಿದವನಿಗೆ ಕಾಣುವುದು ಗೋಡೆಗಳು.

ಬಳ್ಳಾರಿ ಸೀಮೆಯ ಹಳೆಯ ಮನೆಗಳೆಂದರೆ ಮಣ್ಣಿನ ಮಾಳಿಗೆಯ ಮನೆಗಳು. ಅವುಗಳ ಗೋಡೆ ಮಣ್ಣಿನದಿರಬಹುದು, ಕಲ್ಲಿನದಿರಬಹುದು, ಗಾರೆ ಬಳಿದುದಿರಬಹುದು. ಇತ್ತೀಚೆಗೆ ಸಿಮೆಂಟಿನ ಗಿಲಾವನ್ನೂ ಹೊದ್ದಿರಬಹುದು. ಸುಣ್ಣ ಬಳಿದ ಮೇಲೆ ಎಲ್ಲವೂ ಒಂದೇ ಬಿಳುಪು. ಅಪಾಯವಿರುವುದು ಆ ಬಿಳುಪಿನಲ್ಲಿಯೇ.

ಮನೆಯಲ್ಲಿ ಮದುವೆಯೋ ಹಬ್ಬವೋ ಬಂದಿತೆನ್ನಿ. ಪಟ್ಟಣದಿಂದ ಬಂದ ಮಗ ರಬ್ಬರು ಕೊಳವೆ ಹಿಡಿದು, “ಒಂದು ತಾಸಿನ್ಯಾಗ ತೊಳೆದುಬಿಡ್ತೀನವ್ವಾ” ಎನ್ನುತ್ತಾನೆ. “ತಡಿಯಪ್ಪಾ, ಗ್ವಾಡಿ ಯಾವ್ದು ಅಂತ ಮೊದ್ಲು ನೋಡು” ಎನ್ನುವ ತಾಯಿಯ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ.

ಸುಣ್ಣ ಉದುರಿದ ಮೂಲೆಯೊಂದನ್ನು ಹುಡುಕಿ, ಒದ್ದೆ ಬೆರಳಿನಿಂದ ತಿಕ್ಕಿ ನೋಡಬೇಕು. ಬೆರಳಿಗೆ ಕೆಸರು ಹತ್ತಿ, ನಡುವೆ ಹೊಟ್ಟಿನ ಎಳೆ ಕಂಡರೆ ಅದು ಮಣ್ಣಿನ ಗೋಡೆ. ಅದಕ್ಕೆ ಒಣ ಪೊರಕೆಯೇ ಸಾಕು. ಬಿರುಕುಗಳನ್ನು ಮಣ್ಣಿನಿಂದ ಮೆತ್ತಿ ಮತ್ತೆ ಸಾರಿಸಬೇಕು. ಕೆಸರಾಗದೆ ಬೆಳ್ಳಗೆ ಗಟ್ಟಿಯಾಗಿದ್ದು, ಉಗುರಿಗೆ ತುಸು ಮಣಿದರೆ ಗಾರೆಯಿರುವ ಸಂಭವವೇ ಹೆಚ್ಚು. ಅದನ್ನು ಮೆಲ್ಲಗೆ ಒರೆಸಬಹುದು. ಆದರೆ ಆಸಿಡ್ ತಾಗಿಸಕೂಡದು, ಅದು ಸುಣ್ಣವನ್ನೇ ತಿನ್ನುತ್ತದೆ. ಬೂದುಬಣ್ಣದ್ದಾಗಿ, ಉಗುರಿಗೆ ಜಗ್ಗದಿದ್ದರೆ ಸಿಮೆಂಟು. ಬಿರುಕಿಲ್ಲದಿದ್ದರೆ ನೀರನ್ನು ತಡೆದೀತು. ಕಲ್ಲಿನ ಗೋಡೆಯನ್ನು ಕಂಡು ಮಾತ್ರ ನಿಶ್ಚಿಂತರಾಗಬಾರದು. ಕಲ್ಲು ಗಟ್ಟಿಯಾದರೂ ಸಂದುಗಳಲ್ಲಿ ಮಣ್ಣು ತುಂಬಿರುವುದುಂಟು. ರಭಸದ ನೀರು ಆ ಮಣ್ಣನ್ನು ಕೊಚ್ಚಿದರೆ ಕಲ್ಲು ಕಲ್ಲಿನ ಕೈಬಿಡುತ್ತದೆ.

ಗೋಡೆಯ ಬುಡದಲ್ಲಿ ಬೆಳ್ಳನೆಯ ಉಪ್ಪು ಅರಳಿರುವುದೂ ಉಂಟು. ನೆಲದ ತೇವವು ಮೇಲೇರಿ ಆರಿದಾಗ ಉಳಿಯುವ ಶೇಷವದು. ನೀರು ಹಾಕಿದರೆ ಕರಗಿ ಮತ್ತೆ ಒಳಹೋಗುತ್ತದೆ. ಒಣಗಿದಾಗಲೇ ಗುಡಿಸಿ ತೆಗೆಯಬೇಕು. ಅದನ್ನು ಮರೆಮಾಡಲೆಂದು ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದರೆ ತೇವಕ್ಕೆ ಹೊರದಾರಿಯಿಲ್ಲದೆ ಒಳಗಿನ ಮಣ್ಣು ಮೆತ್ತಗಾಗುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೇ ಸೋತಿರುತ್ತದೆ.

ಇದೇ ನದಿಯ ಕೆಳದಂಡೆಯಲ್ಲಿರುವ ಹಂಪೆಯೂ ಈ ಪಾಠವನ್ನೇ ಹೇಳುತ್ತದೆ. ವಿರೂಪಾಕ್ಷ ದೇವಾಲಯದ ಹಿರಿಯ ಗೋಪುರದ ಕೆಳನೆಲೆ ಕಲ್ಲು, ಮೇಲಿನದು ಇಟ್ಟಿಗೆ ಮತ್ತು ಗಾರೆ. ಕಟ್ಟಡ ಒಂದೇ, ಆದರೆ ಕೆಳಗಿನ ಕಲ್ಲಿಗೆ ಸಲ್ಲುವ ಉಪಚಾರ ಮೇಲಿನ ಗಾರೆಗೆ ಸಲ್ಲದು. ಕಮಲ ಮಹಲಿನ ಗೋಡೆಗಳ ಗಾರೆಯ ಕುಸುರಿಯನ್ನು ಕಲ್ಲೆಂದು ಬಗೆದು ಉಜ್ಜಿದರೆ ಶತಮಾನಗಳ ಕೈಚಳಕ ಪುಡಿಯಾಗಿ ಉದುರೀತು. ಅರಮನೆಗಾದರೆ ಕಾವಲುಂಟು, ಓಣಿಯ ಮನೆಗೆ ಮನೆಯವರೇ ಕಾವಲು.

ಅಣೆಕಟ್ಟಿನ ನೀರಿಗೆ ಹಲವಾರು ಹಳ್ಳಿಗಳನ್ನು ಒಪ್ಪಿಸಿದ ಸೀಮೆಯಿದು. ಆ ಊರುಗಳ ಗೋಡೆಗಳು ಕೆಸರಿನಲ್ಲಿ ಕರಗಿಹೋದವು. ಅದನ್ನು ತಡೆಯುವುದು ಯಾವ ಮನೆಯವರ ಕೈಯಲ್ಲಿಯೂ ಇರಲಿಲ್ಲ. ಉಳಿದು ನಿಂತ ಗೋಡೆಯಾದರೂ ತನ್ನವರೇ ಎರಚಿದ ಕೊಡ ನೀರಿಗೆ ಕರಗದಿರಲಿ. ನೀರಿಗೆ ಕೈಹಾಕುವ ಮೊದಲು ಗೋಡೆಗೊಮ್ಮೆ ಬೆರಳಿಟ್ಟು ನೋಡಿದರೆ ಅಷ್ಟೇ ಸಾಕು.